ಸೊನ್ನೆಯ ಜಾಗದಲ್ಲಿ ಒಂದು

ಮಂಗಳವಾರ ಬೆಳ್ಳಂಬೆಳಗ್ಗೆ ನಾನು ಕೇಸರಿಬಾತ್ ಮಾಡಿದ್ದನ್ನು ನೋಡಿ ನಮ್ಮ ಯಜಮಾನರು ಗಾಬರಿಯಿಂದ ಕ್ಯಾಲೆಂಡರಿನ ಹತ್ತಿರ ಹೋದರು. ನನ್ನ ಹುಟ್ಟುಹಬ್ಬ ಮರೆತಿರಬೇಕು ಎಂದುಕೊಂಡಿದ್ದರೇನೋ. ಅವತ್ತು ಹಬ್ಬವೂ ಇರಲಿಲ್ಲ, ಹುಟ್ಟುಹಬ್ಬವೂ ಇರಲಿಲ್ಲ. ಅಡಿಲೇಡಿನ ಜುಲೈ ತಿಂಗಳ ಚಳಿ, ಅಡುಗೆಮನೆಯ ಕಿಟಕಿಯ ತುಂಬ ಹಬೆ, ಬಾಣಲೆಯಲ್ಲಿ ತುಪ್ಪ ಬಿಡುತ್ತಿದ್ದ ರವೆ.

"ಏನೇ ವಿಶೇಷ?" ಅಂದರು.

"ಆಡಿಟರ ಹಾಳೆ ಬಂದಿದೆ ರೀ."

"ಅದಕ್ಕೆ ಕೇಸರಿಬಾತಾ? ಟ್ಯಾಕ್ಸ್ ಅಂದ್ರೆ ಜನ ಅಳ್ತಾರೆ ಕಣೇ!"

ಅಳುವವರು ಅಳಲಿ. ಆ ವರ್ಷ ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಆಡಿಟರು ಅಂದರೆ ಪರ್ತಿನಲ್ಲಿರುವ ಒಬ್ಬ ಹಿರಿಯ ಕನ್ನಡಿಗರು. ಅವರ ನಿಜವಾದ ಪದವಿ ಟ್ಯಾಕ್ಸ್ ಏಜೆಂಟ್. ಆದರೆ ಮೈಸೂರಿನಲ್ಲಿ ಬೆಳೆದ ನಮಗೆ ಲೆಕ್ಕಪತ್ರ ನೋಡುವವರೆಲ್ಲ ಆಡಿಟರೇ. ಪರ್ತಿನ ಸದರ್ನ್ ರಿವರ್ ಬಡಾವಣೆಯಲ್ಲಿದ್ದ ನನ್ನ ಅಕ್ಕ ಅವರನ್ನು ಹುಡುಕಿ ಹಿಡಿದಳು. ಅಕ್ಕ ಹಿಡಿದ ಮೇಲೆ ಅಡಿಲೇಡಿನ ಕಿಲ್ಬರ್ನ್‌ನಲ್ಲಿದ್ದ ನಾವು, ಬ್ರಿಸ್ಬೇನಿನಲ್ಲಿದ್ದ ನಮ್ಮ ತಮ್ಮ, ಎಲ್ಲರೂ ಅವರ ಬಳಿಯೇ ಹೋಗಬೇಕಲ್ಲ. ಪ್ರತಿ ಜುಲೈ ಮೂರೂ ಮನೆಗೆ ಅವರಿಂದ ಒಂದೊಂದು ಹಾಳೆ ಇಮೇಲಿನಲ್ಲಿ ಬರುತ್ತಿತ್ತು. ಹೆಸರು, ಕೆಲಸ, ಬ್ಯಾಂಕು, ಎಲ್ಲ ತುಂಬಿದ ಮೇಲೆ ಕೊನೆಯಲ್ಲಿ ಒಂದು ಸಾಲು: ನಿಮ್ಮನ್ನು ಅವಲಂಬಿಸಿರುವ ಮಕ್ಕಳು ಎಷ್ಟು? ಹೆಸರು, ಹುಟ್ಟಿದ ದಿನ. ದೊಡ್ಡವರಾಗಿದ್ದರೆ ಓದುತ್ತಿರುವ ಕಾಲೇಜು.

ಮೊದಲನೇ ವರ್ಷ ಆ ಸಾಲನ್ನು ಖಾಲಿ ಬಿಟ್ಟು ಕಳಿಸಿದ್ದೆ. ಆಡಿಟರು ಫೋನ್ ಮಾಡಿದರು. "ಖಾಲಿ ಬಿಡಬೇಡಿ ಮೇಡಂ. ಇಲ್ಲದೇ ಇದ್ರೆ ಸೊನ್ನೆ ಅಂತ ಬರೀಬೇಕು." ಅವರು ಕೆಟ್ಟವರಲ್ಲ, ನಿಯಮ ಇದ್ದದ್ದೇ ಹಾಗೆ. ಅಲ್ಲಿಂದ ಎಂಟು ವರ್ಷ, ಎಂಟು ಸೊನ್ನೆ ಬರೆದೆ. ನಮಗೆ ಮಕ್ಕಳಾಗಲಿಲ್ಲ. ಡಾಕ್ಟರು, ಇಂಜೆಕ್ಷನ್ನು, ಹರಕೆ ಎಲ್ಲ ಮುಗಿದು, ಆ ವಿಷಯ ಮಾತಾಡುವುದನ್ನೂ ನಾವಿಬ್ಬರು ಬಿಟ್ಟಾಗಿತ್ತು. ಆದರೆ ವರ್ಷಕ್ಕೊಮ್ಮೆ ಆ ಹಾಳೆ ಬಂದು, ನನ್ನ ಕೈಯಲ್ಲೇ ನನ್ನ ಸೊನ್ನೆಯನ್ನು ಬರೆಸಿಕೊಂಡು ಹೋಗುತ್ತಿತ್ತು. ನನಗೆ ಅದರ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಅದನ್ನು ತುಂಬಿದ ದಿನ ಅಡುಗೆಗೆ ಉಪ್ಪು ಜಾಸ್ತಿ ಬೀಳುತ್ತಿತ್ತು.

ಆ ವರ್ಷ ಮಾತ್ರ ನಾನು ಸೊನ್ನೆಯ ಜಾಗದಲ್ಲಿ ಒಂದು ಎಂದು ಬರೆದೆ.

ಆ ಒಂದು ಯಾರು ಅಂದರೆ ನನ್ನ ಅಕ್ಕನ ಮಗಳು. ಹದಿನೆಂಟು ವರ್ಷ. ಐದು ವರ್ಷದವಳಿದ್ದಾಗ ಈ ದೇಶಕ್ಕೆ ಬಂದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನರ್ಸಿಂಗ್ ಓದಲು ಪರ್ತಿನಲ್ಲೂ ಸೀಟು ಸಿಕ್ಕಿತ್ತು. ಆದರೆ ಅವಳಿಗೆ ಮನೆ ಬಿಟ್ಟು ಹೊರಗೆ ಹೋಗಿ ಸ್ವತಂತ್ರವಾಗಿ ಇರಬೇಕು ಎಂಬ ಆಸೆ. ಹಾಗಾಗಿ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್‌ನ ಯೂನಿವರ್ಸಿಟಿಗೆ ಹಾಕಿದಳು. ಅಕ್ಕ ಒಂದೇ ಷರತ್ತು ಹಾಕಿ ಒಪ್ಪಿದಳು: "ಚಿಕ್ಕಮ್ಮನ ಮನೇಲಿ ಇರೋದಾದ್ರೆ ಹೋಗು." ಪಾಪದ ಹುಡುಗಿ ಒಂದು ಮನೆಯಿಂದ ತಪ್ಪಿಸಿಕೊಂಡು ಇನ್ನೊಂದು ಮನೆಗೆ ಬಂದು ಬಿದ್ದಳು. ಕಿಲ್ಬರ್ನ್ ಇರುವುದು ಊರಿನ ಉತ್ತರಕ್ಕೆ, ಬೆಡ್‌ಫರ್ಡ್ ಪಾರ್ಕ್ ದಕ್ಷಿಣಕ್ಕೆ. ದಿನಾ ಒಂದು ರೈಲು, ಒಂದು ಬಸ್ಸು. ಯೂನಿವರ್ಸಿಟಿ ಪಕ್ಕದಲ್ಲೇ ಹಾಸ್ಟೆಲಿದೆ ಎಂದು ಯಾರೋ ಹೇಳಿದ್ದಕ್ಕೆ ನಾನು, "ನಾವಿನ್ನೂ ಬದುಕಿದ್ದೀವಿ" ಅಂದುಬಿಟ್ಟಿದ್ದೆ.

ಅವಳು ಬರುವುದಕ್ಕೆ ಎರಡು ತಿಂಗಳಿರುವಾಗಲೇ ಹಿಂದಿನ ಕೋಣೆಗೆ ಬಣ್ಣ ಹೊಡೆಯಲು ಶುರುಮಾಡಿದೆ. ಹಾರ್ಡ್‌ವೇರ್ ಅಂಗಡಿಯೊಂದರ ಬಣ್ಣದ ಕೌಂಟರಿನಲ್ಲಿ ನನ್ನ ಕೆಲಸ. ಜನ ಗೋಡೆಯ ಚೂರು, ಬಾಗಿಲಿನ ಚಕ್ಕೆ ತಂದು ಇದೇ ಬಣ್ಣ ಬೇಕು ಎನ್ನುತ್ತಾರೆ. ನಾನು ಕಲೆಸಿ ಕೊಡುತ್ತೇನೆ. ಎಷ್ಟೋ ಮನೆಗಳಿಗೆ ಬಣ್ಣ ಕಲೆಸಿದ್ದ ನಾನು ನನ್ನ ಮನೆಯ ಆ ಕೋಣೆಯನ್ನು ಮುಟ್ಟಿರಲಿಲ್ಲ. ಏಣಿಯ ಮೇಲೆ ನಿಂತು ಎಳೆ ಹಸಿರು ಬಳಿಯುತ್ತಿದ್ದಾಗ ಯಜಮಾನರು ಬಾಗಿಲಲ್ಲಿ ನಿಂತು ನಕ್ಕು, "ಕೂಸು ಹುಟ್ಟೋಕೆ ಮುಂಚೆ..." ಎಂದು ಶುರುಮಾಡಿ, ಅಲ್ಲೇ ನಿಲ್ಲಿಸಿದರು. ಆಮೇಲೆ ಅವರೂ ಒಂದು ಬ್ರಶ್ ತೆಗೆದುಕೊಂಡು ಕಿಟಕಿಯ ಚೌಕಟ್ಟು ಬಳಿದರು.

ಫೆಬ್ರವರಿಯಲ್ಲಿ ಬಂದಳು. ಬಂದ ವಾರದಲ್ಲೇ ಮನೆ ಕುಲಗೆಟ್ಟು ಹೋಯಿತು. ಬಾಗಿಲಲ್ಲಿ ಐದು ಜೊತೆ ಶೂ, ಕುರ್ಚಿಯ ಮೇಲೆ ಒದ್ದೆ ಟವೆಲು, ಫ್ರಿಜ್ಜಿನಲ್ಲಿ ನಾನು ಹೆಸರೂ ಕೇಳದ ಸೊಪ್ಪು. ಬಾತ್‌ರೂಮಿನಲ್ಲಿ ಹಾಡು. ನಾನು ದಿನಾ ಬೈಯುತ್ತಿದ್ದೆ. ಬೈಯಲು ಒಬ್ಬರು ಇದ್ದಾರೆಂಬ ಸಂತೋಷಕ್ಕೆ ಇನ್ನೂ ಸ್ವಲ್ಪ ಬೈಯುತ್ತಿದ್ದೆ. ಬೆಳಗ್ಗೆ ಏಳು ಗಂಟೆಯ ರೈಲಿಗೆ ಡಬ್ಬಿ ಕಟ್ಟುವುದು, ಜ್ವರ ಬಂದರೆ ಕಷಾಯ, ಪರೀಕ್ಷೆಯ ಹಿಂದಿನ ದಿನ ತಲೆಗೆ ಎಣ್ಣೆ. ಮೂಳೆಗಳ ಹೆಸರು ಅವಳು ಬಾಯಿಪಾಠ ಮಾಡುವಾಗ ಪುಸ್ತಕ ಹಿಡಿದು ತಪ್ಪು ಹುಡುಕುತ್ತಿದ್ದವರು ನಮ್ಮ ಯಜಮಾನರು. ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವ ಅವರಿಗೆ ಮೊಣಕಾಲಿನ ಕೀಲಿನ ಬಗ್ಗೆ ಅವಳಿಗಿಂತ ಹೆಚ್ಚು ಗೊತ್ತಾಗಿಹೋಗಿತ್ತು.

ಹೀಗಿರುವಾಗ ಆ ಹಾಳೆ ಬಂದರೆ ನಾನು ಏನು ಬರೆಯಬೇಕು?

ಬಟ್ಟಲಲ್ಲಿ ಕೇಸರಿಬಾತ್ ಹಾಕಿ ಕೊಡುತ್ತಾ ಯಜಮಾನರಿಗೆ ತೋರಿಸಿದೆ. ಅವರು ನಿಧಾನಸ್ಥರು. ಅರವತ್ತರ ರಸ್ತೆಯಲ್ಲಿ ಐವತ್ತೆಂಟಕ್ಕಿಂತ ಜೋರಾಗಿ ಕಾರು ಓಡಿಸಿದವರಲ್ಲ. ಹಾಳೆಯನ್ನು ಎರಡು ಸಲ ಓದಿ, "ಹೀಗೆ ಬರೀಬಹುದೇನೇ? ಅಕ್ಕನ ಮಗಳಲ್ವಾ ಅವಳು? ಫಾರಂನಲ್ಲಿ ಸುಳ್ಳು ಬರೀಬಾರ್ದು" ಅಂದರು.

"ಇದರಲ್ಲಿ ಸುಳ್ಳು ಯಾವುದು ರೀ? ಅವಲಂಬಿಸಿದ್ದಾಳೋ ಇಲ್ವೋ? ಇವತ್ತು ಡಬ್ಬಿಗೆ ಹಾಕಿದ್ದು ಯಾರು?"

ಅವರು ಇನ್ನೊಂದು ಚಮಚ ಕೇಸರಿಬಾತ್ ಹಾಕಿಸಿಕೊಂಡರು. ಅದನ್ನು ಒಪ್ಪಿಗೆ ಎಂದುಕೊಂಡು ನಾನು ಹಾಳೆ ಕಳಿಸಿಬಿಟ್ಟೆ. ಕಳಿಸಿದ ಮೇಲೆ ಅಂಗಡಿಗೆ ಹೋಗಿ ಇಡೀ ದಿನ ಗುನುಗುತ್ತಾ ಬಣ್ಣ ಕಲೆಸಿದೆ.

ಶನಿವಾರ ಆಡಿಟರ ಫೋನ್ ಬಂತು. ನಮ್ಮಲ್ಲಿ ಹತ್ತೂವರೆ, ಪರ್ತಿನಲ್ಲಿ ಒಂಬತ್ತು, ಬ್ರಿಸ್ಬೇನಿನಲ್ಲಿ ಹನ್ನೊಂದು. ಮೂರೂ ಮನೆಯವರನ್ನು ಒಂದೇ ಲೈನಿನಲ್ಲಿ ಸೇರಿಸಿದ್ದರು. ನಾನು ದೋಸೆ ಹಾಕುತ್ತಿದ್ದೆ, ಹುಡುಗಿ ಊಟದ ಮೇಜಿನಲ್ಲಿ ಕೂತು ತಿನ್ನುತ್ತಿದ್ದಳು. ಕೈ ಹಿಟ್ಟಾಗಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿದೆ.

"ಎಲ್ಲಾರೂ ಇದ್ದೀರಾ? ಮೊದಲು ಒಂದು ಪ್ರಶ್ನೆ," ಅಂದರು ಆಡಿಟರು. "ಈ ಹುಡುಗಿಗೆ ಎಷ್ಟು ಜನ ಅಪ್ಪಂದಿರು ಸ್ವಾಮಿ?"

ಅವರೇ ಮುಂದುವರಿಸಿದರು.

"ಮೂರು ಹಾಳೆ ಮುಂದೆ ಇಟ್ಕೊಂಡಿದ್ದೀನಿ. ಸದರ್ನ್ ರಿವರ್‌ದು ಒಂದು, ಕಿಲ್ಬರ್ನ್‌ದು ಒಂದು, ಬ್ರಿಸ್ಬೇನ್‌ದು ಒಂದು. ಮೂರರಲ್ಲೂ ಅದೇ ಹೆಸರು, ಅದೇ ಹುಟ್ಟಿದ ತಾರೀಕು, ಅದೇ ಕಾಲೇಜು. ಇಷ್ಟು ವರ್ಷದಲ್ಲಿ ಎಂಥೆಂಥವರನ್ನೋ ನೋಡಿದ್ದೀನಿ. ಒಂದೇ ಮಗೂನ ಹೀಗೆ ಮೂರು ಮನೆಯೋರು ಬರ್ಕೊಂಡಿದ್ದು ಇದೇ ಮೊದಲು!"

"ಲೋ, ನೀನೂ ಬರೆದ್ಯಾ?" ಅಂದೆ ನಾನು, ತಮ್ಮನಿಗೆ.

"ಹೂಂ ಮತ್ತೆ," ಅಂದ ಅವನು ಬ್ರಿಸ್ಬೇನಿನಿಂದ. "ಲ್ಯಾಪ್‌ಟಾಪ್ ನಾನು ಕೊಡ್ಸಿದ್ದು, ಫೋನ್ ಬಿಲ್ ನಾನು ಕಟ್ತಿರೋದು. ಸೋದರಮಾವ ಅಂದ್ರೆ ಏನಂದ್ಕೊಂಡೆ? ನನ್ನ ಮಗ ಒಬ್ಬ, ಇವಳು ಒಬ್ಬಳು, ಎರಡು ಅಂತ ಬರ್ದೆ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು. ನಮ್ಮ ಮನೆಗಳಲ್ಲಿ ಮಕ್ಕಳು ಬೆಳೆಯುವುದೇ ಹಾಗೆ. ಒಬ್ಬರು ಹೆರುತ್ತಾರೆ, ಇನ್ನೊಬ್ಬರು ಶಾಲೆಗೆ ಸೇರಿಸುತ್ತಾರೆ, ಮತ್ತೊಬ್ಬರು ಮದುವೆ ಮಾಡುತ್ತಾರೆ. ಆ ಲೆಕ್ಕವನ್ನು ಹಾಗೇ ಎತ್ತಿ ಮೂವರೂ ಒಬ್ಬರಿಗೊಬ್ಬರು ಹೇಳದೆ ಆಸ್ಟ್ರೇಲಿಯಾ ಸರ್ಕಾರಕ್ಕೆ ಒಪ್ಪಿಸಲು ಹೊರಟಿದ್ದೆವು.

ಆಡಿಟರು ಮಾತ್ರ ನಗಲಿಲ್ಲ. "ನೋಡಿ, ಹುಡುಗಿ ಫುಲ್‌ಟೈಮ್ ಓದ್ತಿದ್ದಾಳೆ, ಚಿಕ್ಕ ವಯಸ್ಸು, ಅದೆಲ್ಲಾ ಸರಿ. ಆದ್ರೆ ಅಪ್ಪ ಅಮ್ಮ ಪರ್ತ್‌ನಲ್ಲಿದ್ದಾರೆ, ಖರ್ಚಿಗೂ ಕಳಿಸ್ತಿದ್ದಾರೆ. ಒಂದು ಅನ್ನೋದು ಅವರ ಹಾಳೆಗೆ. ಮಿಕ್ಕಿದ್ದೆರಡು ತೆಗೀತೀನಿ."

ತಮ್ಮ ಕೂಡಲೇ "ಸರಿ ಸರ್, ತೆಗೀರಿ" ಅಂದುಬಿಟ್ಟ. ಅವನಿಗೇನು, ತೆಗೆದರೂ ಅವನ ಹಾಳೆಯಲ್ಲಿ ಒಂದು ಉಳಿಯುತ್ತಿತ್ತು.

ನಾನು ಹೂಂ ಅನ್ನಲಿಲ್ಲ. "ಅನ್ನ ಹಾಕ್ತಿರೋದು ನಾವು ಸರ್," ಅಂದೆ. "ಏಳು ಗಂಟೆ ಟ್ರೇನಿಗೆ ಕಳಿಸೋದು ನಾನು. ಜ್ವರ ಬಂದ್ರೆ ನಿದ್ದೆ ಕೆಡೋದು ನಾನು."

"ಸಾಕಿದ್ರೆ ಮಾತ್ರ ಸಾಲದು ಮೇಡಂ. ನಿಮ್ಮ ಮಗಳಾಗಿರ್ಬೇಕು."

"ಎಂಟು ವರ್ಷದಿಂದ ಖಾಲಿ ಬಿಡೋ ಹಾಗಿಲ್ಲ, ಖಾಲಿ ಬಿಡೋ ಹಾಗಿಲ್ಲ ಅಂತ ನನ್ನ ಕೈಲಿ ಸೊನ್ನೆ ಬರೆಸಿದ್ರಿ. ಈಗ ತುಂಬಿದ್ರೆ ಅದೂ ತಪ್ಪಾ?"

"ಅಲ್ಲ ಮೇಡಂ, ಇದ್ರಿಂದ ನಿಮ್ಮ ಟ್ಯಾಕ್ಸ್‌ನಲ್ಲಿ ಒಂದು ಸೆಂಟೂ ಹೆಚ್ಚು ಕಮ್ಮಿ ಆಗಲ್ಲ," ಅಂದರು ಅವರು, ನಿಜವಾಗಿಯೂ ಅರ್ಥವಾಗದವರ ಹಾಗೆ. "ಯಾಕೆ ಇಷ್ಟು ಹಠ ಮಾಡ್ತೀರಿ?"

ತವೆಯ ಮೇಲಿನ ದೋಸೆ ಕರಟುತ್ತಿತ್ತು. ಯಜಮಾನರು ಬಂದು ಒಲೆ ಆರಿಸಿದರು. ಆಗ ಅಕ್ಕನ ಧ್ವನಿ ಕೇಳಿತು. ಅವಳ ನಗು ನಿಂತುಹೋಗಿತ್ತು.

"ಸರ್, ನನ್ನ ಹಾಳೇಲಿ ಸೊನ್ನೆ ಹಾಕ್ಬಿಡಿ. ಆ ಒಂದನ್ನ ನನ್ನ ತಂಗಿಗೆ ಹಾಕಿ."

"ಅದೇನು ರೇಷ್ಮೆ ಸೀರೆನಾ ಅಮ್ಮ, ಒಂದು ಸಲ ಉಟ್ಕೊಂಡು ಕೊಡು ಅನ್ನೋಕೆ?" ಅಂದರು ಆಡಿಟರು.

ತಮ್ಮ ಗೊಳ್ಳೆಂದು ನಕ್ಕ. ನನ್ನ ಮೈಯೆಲ್ಲ ಉರಿಯಿತು. ಅಕ್ಕ ನನ್ನ ಮನಸ್ಸಿನಲ್ಲಿದ್ದುದನ್ನು ಎಲ್ಲರೆದುರು ಕಂಡುಹಿಡಿದುಬಿಟ್ಟಿದ್ದಳು, ಅದೇ ಅವಮಾನ. "ನಂಗೆ ಯಾರ ಭಿಕ್ಷೆನೂ ಬೇಡ," ಅಂದೆ. "ಸೊನ್ನೆ ಹಾಕ್ಕೊಳ್ಳಿ ಸರ್. ದೊಡ್ಡದಾಗೇ ಹಾಕ್ಕೊಳ್ಳಿ." ಹಿಟ್ಟಿನ ಕೈಯಲ್ಲೇ ಫೋನ್ ಕುಕ್ಕಿದೆ.

ಹುಡುಗಿ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. "ಆಮ್ ಐ ಇನ್ ಟ್ರಬಲ್?" ಅಂದಳು.

"ಇಲ್ಲ ಪುಟ್ಟಿ. ಟ್ಯಾಕ್ಸ್ ವಿಷಯ. ನೀನು ತಿನ್ನು."

ಅವಳು ಅವತ್ತು ಯಾರೂ ಹೇಳದೆ ತಾನೇ ಎದ್ದು ಕರಟಿದ ತವೆ ಉಜ್ಜಿಟ್ಟಳು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬುದು ನಮ್ಮಮ್ಮ ನನಗೇ ಹೇಳುತ್ತಿದ್ದ ಗಾದೆ. ಮೂರು ವಾರ ನಾನು ಅಕ್ಕನಿಗೆ ಫೋನ್ ಮಾಡಲಿಲ್ಲ. ಅವಳು ಮಾಡಿದರೆ ಯಜಮಾನರ ಕೈಗೆ ಕೊಟ್ಟೆ. ತಪ್ಪು ನನ್ನದೇ ಎಂದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಫೋನ್ ಎತ್ತಲು ಆಗುತ್ತಿರಲಿಲ್ಲ.

ಆಗಸ್ಟಿನಲ್ಲಿ ಮನೆಗೆ ಮತ್ತೆ ಸಡಗರ ಬಂತು. ಹುಡುಗಿಗೆ ಮೊದಲ ಪ್ಲೇಸ್‌ಮೆಂಟ್. ಅಂದರೆ ಓದಿದ್ದು ಸಾಕು, ಎರಡು ವಾರ ವಾರ್ಡಿನಲ್ಲಿ ನಿಂತು ನಿಜವಾದ ರೋಗಿಗಳನ್ನು ನೋಡಿಕೊಳ್ಳಿ ಎಂದು ಕಳಿಸುವುದು. ಯೂನಿವರ್ಸಿಟಿಯ ಪಕ್ಕದ ದೊಡ್ಡ ಆಸ್ಪತ್ರೆಯಲ್ಲೇ ಸಿಕ್ಕಿತ್ತು. ಒಂದು ವಾರ ಫಾರಂಗಳ ಮೇಲೆ ಫಾರಂ ತುಂಬಿದಳು. ಸಮವಸ್ತ್ರಕ್ಕೆ ನಾನು ಎರಡು ಸಲ ಇಸ್ತ್ರಿ ಹಾಕಿದೆ. ಸೋಮವಾರ ಬೆಳಗ್ಗೆ ನಿಂಬೆಗಿಡದ ಪಕ್ಕ ನಿಲ್ಲಿಸಿ ಯಜಮಾನರು ಫೋಟೋ ತೆಗೆದರು. ಅಕ್ಕನಿಗೆ ಕಳಿಸಿದ್ದೂ ಅವರೇ. ನಾನು ದೃಷ್ಟಿ ತೆಗೆದೆ. "ಚಿಕ್ಕಮ್ಮ, ಐ ವಿಲ್ ಮಿಸ್ ದ ಟ್ರೇನ್!" ಎಂದು ಕೂಗುತ್ತಾ ಓಡಿದಳು.

ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ನನ್ನ ಫೋನ್ ಬಡಿದುಕೊಂಡಿತು. ಎದುರಿಗೆ ಒಬ್ಬ ಅಜ್ಜ ತನ್ನ ಹಿತ್ತಲ ಬಾಗಿಲಿನ ಚಕ್ಕೆ ಕೊಟ್ಟು ಕಾಯುತ್ತಿದ್ದ. ಅವನ ಬಣ್ಣದ ಡಬ್ಬಿಯನ್ನು ಅಲುಗಾಡಿಸುವ ಮೆಷಿನ್ನಿಗೆ ಆಗಷ್ಟೇ ಹಾಕಿದ್ದೆ.

"ಈಸ್ ದಟ್ ಮಮ್, ಅಡಿಲೇಡ್?" ಅಂತು ಒಂದು ಹೆಂಗಸಿನ ಧ್ವನಿ.

ರಾಂಗ್ ನಂಬರ್ ಎನ್ನಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಹುಡುಗಿಯ ಹೆಸರು ಹೇಳಿದರು. ವಾರ್ಡಿನಲ್ಲಿ ಒಬ್ಬರ ಗಾಯದ ಬಟ್ಟೆ ಬದಲಿಸುವುದನ್ನು ನೋಡುತ್ತಾ ನಿಂತವಳು ತಲೆ ತಿರುಗಿ ಬಿದ್ದಳಂತೆ. ಗದ್ದ ಟ್ರಾಲಿಗೆ ಬಡಿದು ಮೂರು ಹೊಲಿಗೆ. ಹೆದರುವಂಥದ್ದು ಏನೂ ಇಲ್ಲ, ಮೊದಲ ದಿನ ಹೀಗೆ ಎಷ್ಟೋ ಮಕ್ಕಳು ಬೀಳುತ್ತಾರೆ, ಆದರೆ ಒಬ್ಬಳೇ ರೈಲಿನಲ್ಲಿ ಕಳಿಸುವುದಿಲ್ಲ, ಮನೆಯವರು ಬಂದು ಕರೆದುಕೊಂಡು ಹೋಗಬೇಕು.

"ಬರ್ತೀನಿ," ಅಂದೆ, ಕನ್ನಡದಲ್ಲೇ. ಆಮೇಲೆ, "ಯೆಸ್, ಯೆಸ್, ಕಮಿಂಗ್."

ಫೋನ್ ಇಟ್ಟ ಮೇಲೆ ಅವರು ನನ್ನನ್ನು ಏನೆಂದು ಕರೆದರು ಎಂಬುದು ಕಿವಿಗೆ ಮತ್ತೆ ಬಂತು. ಮಮ್, ಅಡಿಲೇಡ್. ಏಪ್ರನ್ ಬಿಚ್ಚಲು ಹೋದರೆ ಗಂಟು ಬಿಚ್ಚಿಕೊಳ್ಳಲಿಲ್ಲ. "ಮೈ ಡಾಟರ್..." ಅಂದೆ ಆ ಅಜ್ಜನಿಗೆ. ಜೀವನದಲ್ಲಿ ಆ ಎರಡು ಪದ ಜೋಡಿಸಿ ಹೇಳಿದ್ದು ಅದೇ ಮೊದಲು. "ಗೋ ಲವ್, ಗೋ," ಅಂದ ಅವನು. ನನ್ನ ಜೊತೆಯವಳಿಗೆ ಡಬ್ಬಿ ತೋರಿಸಿ, ಏಪ್ರನ್ನಿನಲ್ಲೇ ಹೊರಗೆ ಓಡಿದೆ.

ನಮ್ಮದು ಒಂದೇ ಕಾರು, ಅದು ಯಜಮಾನರ ಹತ್ತಿರ ಇರುತ್ತಿತ್ತು. ಫೋನ್ ಮಾಡಿದ ಹತ್ತು ನಿಮಿಷಕ್ಕೆ ಬಂದರು. ಗ್ರೀಸಿನ ಕೈ, ಮೇಲೆ ಕೆಲಸದ ಅಂಗಿ. ನಾನು ವಿಷಯ ಹೇಳಿದೆ. ಸೌತ್ ರೋಡಿನಲ್ಲಿ ಸ್ಪೀಡೋಮೀಟರ್ ನೋಡಿದರೆ ಮುಳ್ಳು ಎಪ್ಪತ್ತರ ಹತ್ತಿರ! "ರೀ, ಇದು ಅರವತ್ತರ ರಸ್ತೆ," ಅಂದೆ. "ಗೊತ್ತು," ಅಂದರು.

ಆಸ್ಪತ್ರೆಯ ಆ ಅಂತಸ್ತಿನ ಕೌಂಟರಿನಲ್ಲಿ ಒಬ್ಬ ನರ್ಸ್ ವಿದ್ಯಾರ್ಥಿಗಳ ಪಟ್ಟಿ ಹಿಡಿದು ನಿಂತಿದ್ದರು. ಏಪ್ರನ್ನಿನ ಮೇಲೆ ಹಸಿರು, ನೀಲಿ, ಇಟ್ಟಿಗೆ ಬಣ್ಣ ಚೆಲ್ಲಿಕೊಂಡು ಬಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂಡ್ ಯೂ ಆರ್...?" ಅಂದರು.

ನಾನು ತಡವರಿಸಿದೆ. ಚಿಕ್ಕಮ್ಮ ಎನ್ನಬೇಕು, ಆಂಟಿ ಎನ್ನಬೇಕು, ಸತ್ಯ ಹೇಳಬೇಕು. ಹೇಳಿದರೆ ಒಳಗೆ ಬಿಡುತ್ತಾರೋ ಇಲ್ಲವೋ. ಆಡಿಟರ ಮಾತು ನೆನಪಾಯಿತು: ನಿಮ್ಮ ಮಗಳಾಗಿರಬೇಕು.

ಅಷ್ಟರಲ್ಲಿ ನನ್ನ ಹಿಂದಿನಿಂದ, ಫಾರಂನಲ್ಲಿ ಸುಳ್ಳು ಬರೆಯಬಾರದು ಎಂದಿದ್ದ ಆ ಮನುಷ್ಯ, ನಿಧಾನವಾಗಿ, ಸ್ಪಷ್ಟವಾಗಿ ಹೇಳಿದರು: "ದಿಸ್ ಈಸ್ ಮಮ್."

ನರ್ಸ್ ಪಟ್ಟಿಯ ಮೇಲೆ ಬೆರಳಿಟ್ಟು ಸಹಿ ಮಾಡಿ ಅಂದರು. ಹುಡುಗಿಯ ಹೆಸರಿನ ಮುಂದೆ, ತುರ್ತಿಗೆ ಯಾರಿಗೆ ತಿಳಿಸಬೇಕು ಎಂಬ ಕಡೆ, ಎರಡು ಸಾಲು. ಮೊದಲನೆಯದರಲ್ಲಿ ನನ್ನ ಹೆಸರು, ನನ್ನ ನಂಬರು, ಸಂಬಂಧ: ಮಮ್, ಅಡಿಲೇಡ್. ಎರಡನೆಯದರಲ್ಲಿ ಅಕ್ಕನ ಹೆಸರು, ಸಂಬಂಧ: ಮಮ್, ಪರ್ತ್. ಅದು ಅವಳದೇ ಕೈಬರಹ. ಸಹಿ ಮಾಡಿದೆ. ಅಷ್ಟು ವಕ್ರವಾದ ಸಹಿಯನ್ನು ನಾನು ಯಾವ ಫಾರಂಗೂ ಹಾಕಿಲ್ಲ.

ಅವಳು ಒಳಗೆ ಕುರ್ಚಿಯ ಮೇಲೆ ಕೂತು ಸ್ಟ್ರಾ ಹಾಕಿಕೊಂಡು ಆಪಲ್ ಜ್ಯೂಸ್ ಕುಡಿಯುತ್ತಿದ್ದಳು. ಗದ್ದಕ್ಕೆ ಬಿಳಿ ಪಟ್ಟಿ. ನನ್ನನ್ನು ನೋಡಿದ ಕೂಡಲೇ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ನಾನು ಬೈಯಬೇಕೆಂದುಕೊಂಡೇ ಹೋಗಿದ್ದೆ. ಬೆಳಗ್ಗೆ ತಿಂಡಿ ಬಿಟ್ಟು ಓಡಿದ್ದಕ್ಕೆ, ಟ್ರಾಲಿಯ ಪಕ್ಕ ನಿಂತಿದ್ದಕ್ಕೆ. ಬೇರೆ ಏನೋ ಬಾಯಿಗೆ ಬಂತು.

"ಯಾಕೆ ಪುಟ್ಟಿ ಹಾಗೆ ಬರ್ದೆ?"

ಅವಳಿಗೆ ಯಾವುದನ್ನು ಕೇಳುತ್ತಿದ್ದೇನೆಂದು ಗೊತ್ತಾಯಿತು. ಸ್ಟ್ರಾ ಬಾಯಿಂದ ತೆಗೆದು, ಹೊಲಿಗೆ ಹಾಕಿದ ಗದ್ದವನ್ನು ಆದಷ್ಟು ಕಡಿಮೆ ಅಲ್ಲಾಡಿಸುತ್ತಾ, ಆ ಹುಡುಗಿ ಕನ್ನಡದಲ್ಲಿ ಅಂದಳು: "ಎರಡು ಲೈನ್ ಇತ್ತು ಚಿಕ್ಕಮ್ಮ. ಖಾಲಿ ಬಿಡೋ ಹಾಗಿಲ್ಲ ಅಲ್ವಾ?"

ನಾನು ಅಲ್ಲೇ ಅತ್ತೆ. ಸಂತೋಷಕ್ಕೆ ಅತ್ತೆ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಯಜಮಾನರು ಗ್ರೀಸಿನ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜ್ಯೂಸಿನ ಖಾಲಿ ಲೋಟ ಹಿಡಿದು ನಿಂತಿದ್ದರು.

ಕಾರ್ ಪಾರ್ಕಿನಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಮೂರು ವಾರದ ಮೇಲೆ. ಮೊದಲು ಹೊಲಿಗೆಯ ವಿಷಯ, ಆಮೇಲೆ ಫಾರಂ ವಿಷಯ. ಅಕ್ಕ ನಕ್ಕಳು.

"ಅಂತೂ ನನ್ನ ಎರಡನೇ ಲೈನಿಗೆ ತಳ್ಬಿಟ್ಲು ಅನ್ನು."

"ಅಕ್ಕ, ಅವತ್ತು ನಾನು ಭಿಕ್ಷೆ ಅಂದಿದ್ದು..."

"ಅದಿರ್ಲಿ ಬಿಡೇ. ಹೊಲಿಗೆ ಬಿಚ್ಚೋವರೆಗೂ ಗಟ್ಟಿ ಪದಾರ್ಥ ಕೊಡ್ಬೇಡ. ಗಂಜಿ ಮಾಡು. ಅವಳು ಬೇಡ ಅಂತಾಳೆ, ನೀನು ಬಿಡ್ಬೇಡ."

ಮುಂದಿನ ಜುಲೈನಲ್ಲಿ ಹಾಳೆ ಮತ್ತೆ ಬಂತು. ಕೊನೆಯ ಸಾಲಿನಲ್ಲಿ ಸೊನ್ನೆ ಬರೆದೆ, ನಿಯಮದ ಪ್ರಕಾರ. ಗದ್ದದ ಮೇಲೆ ಸಣ್ಣ ಗೆರೆಯೊಂದನ್ನು ಉಳಿಸಿಕೊಂಡಿದ್ದ ಹುಡುಗಿ ನನ್ನ ಭುಜದ ಮೇಲಿಂದ ಬಗ್ಗಿ ಅದನ್ನು ನೋಡಿದಳು. ನೋಡಿ, "ಟ್ಯಾಕ್ಸ್ ಪೇಪರ್ ಬಂದಿದೆ, ಕೇಸರಿಬಾತ್ ಎಲ್ಲಿ?" ಅಂದಳು.

ಎದ್ದು ಬಾಣಲೆ ಇಟ್ಟೆ.